ತಾಯಿಗೂ ಜಾಗವಿರುವ ಶಿಶು ಘಟಕ

ಪ್ರಶ್ನೆ: ಅವಧಿಗೆ ಮೊದಲೇ ಹುಟ್ಟಿದ ನನ್ನ ತಂಗಿಯ ಮಗು ಮೂರು ವಾರ ತೀವ್ರ ನಿಗಾ ಘಟಕದಲ್ಲಿದ್ದಾಗ ಅವಳು ಹೊರಗಿನ ಬೆಂಚಿನ ಮೇಲೆಯೇ ದಿನಗಳೆದಳು. ತಾಯಿಗೂ ಜಾಗವಿರುವಂತೆ ಘಟಕವನ್ನು ಕಟ್ಟಲಾಗದೆ? ಅದರಿಂದ ದಾದಿಯರಿಗೆ ತೊಂದರೆಯೆ?

ಉತ್ತರ: ಕಟ್ಟಬಹುದು, ಕಟ್ಟಿಯೂ ಇದ್ದಾರೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಶಿಶುವಿನ ಪಕ್ಕದಲ್ಲೇ ತಾಯಿಗೂ ಹಾಸಿಗೆಯಿಟ್ಟು, ಇಬ್ಬರಿಗೂ ಒಂದೇ ಕಡೆ ಆರೈಕೆ ದೊರೆಯುವ ಘಟಕವನ್ನು ರೂಪಿಸಲಾಯಿತು. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮನ್ವಯದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಎದೆಗಪ್ಪಿಕೊಳ್ಳುವ ಕಾಂಗರೂ ಆರೈಕೆ ಪಡೆದ 1ರಿಂದ 1.8 ಕಿಲೋ ತೂಕದ ಶಿಶುಗಳಲ್ಲಿ 28 ದಿನಗಳೊಳಗಿನ ಮರಣ ಶೇ. 12.0 ಇದ್ದರೆ, ಸ್ಥಿತಿ ಸುಧಾರಿಸಿದ ಮೇಲೆ ಅದನ್ನು ಆರಂಭಿಸಿದ ಗುಂಪಿನಲ್ಲಿ ಶೇ. 15.7 ಇತ್ತು. ಹುಟ್ಟಿದ ಕೂಡಲೇ ಈ ಆರೈಕೆ ಸಿಗಬೇಕಾದರೆ ತಾಯಿ ಮಗುವಿನ ಪಕ್ಕದಲ್ಲೇ ಇರಬೇಕು; ಒಂದು ಹಾಸಿಗೆಯ ಜಾಗವು ಜೀವ ಉಳಿಸುತ್ತದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ದಾದಿಯರ ವಿಷಯ ಅಷ್ಟು ಸರಳವಲ್ಲ. ಕುಟುಂಬಕ್ಕೊಂದು ಕೋಣೆ ಕೊಟ್ಟರೆ ಸದ್ದು ತಗ್ಗಿ, ತಾಯಿ ಸಂಕೋಚವಿಲ್ಲದೆ ಹಾಲೂಡಿಸಬಹುದು. ಆದರೆ ದಾದಿಯರ ಓಡಾಟ ಹೆಚ್ಚುತ್ತದೆ, ಹಲವು ಶಿಶುಗಳು ಒಮ್ಮೆಲೇ ಕಣ್ಣಿಗೆ ಬೀಳುವುದಿಲ್ಲ, ತುರ್ತಿನಲ್ಲಿ ಜೊತೆಗಾರರು ಕೂಗಳತೆಯಲ್ಲಿ ಇರುವುದಿಲ್ಲ. ಹೆತ್ತವರು ಬರಲಾಗದಿದ್ದರೆ ಆ ಕೋಣೆಯಲ್ಲಿ ಮಗು ಒಂಟಿಯಾಗುತ್ತದೆ. ಸಿಬ್ಬಂದಿ ಕಡಿಮೆಯಿರುವ ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ, ಪರದೆಗಳಿರುವ ದೊಡ್ಡ ಕೊಠಡಿಯಲ್ಲಿ ತಾಯಿಯ ಹಾಸಿಗೆಯನ್ನೂ ಸೇರಿಸುವ ಸಫ್ದರ್‌ಜಂಗ್‌ನಂಥ ಮಾದರಿಯೇ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ. ಸದ್ಯಕ್ಕೆ, ಒರಗಿ ಕೂರುವ ಕುರ್ಚಿಯನ್ನಾದರೂ ಒದಗಿಸುವಂತೆ ಕುಟುಂಬದವರು ಧೈರ್ಯವಾಗಿ ಕೇಳಬೇಕು.