ವೀರಗಲ್ಲನ್ನು ಕೆಳಗಿನಿಂದ ಓದಿ

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಎರಡು ದಿನ ಹಂಪಿಗೆ ಹೊರಟಿದ್ದೇವೆ. ಕಮಲಾಪುರದ ಮ್ಯೂಸಿಯಂ ನೋಡಲೇಬೇಕೆ? ನೋಡುವುದಾದರೆ ಮೊದಲೋ, ಕೊನೆಗೋ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೋಡಲೇಬೇಕು, ಅದೂ ಮೊದಲ ದಿನವೇ. ಹೆಚ್ಚಿನವರು ಹಂಪಿಯೆಲ್ಲ ಸುತ್ತಿ ಕಾಲು ಸೋತ ಮೇಲೆ, ನೆರಳಾದರೂ ಸಿಕ್ಕೀತು ಅಂತ ಅಲ್ಲಿಗೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ಕಣ್ಣೂ ದಣಿದಿರುತ್ತದೆ.

ಆ ಮ್ಯೂಸಿಯಂನ ನಡುವಿನ ಅಂಗಳದಲ್ಲಿ ಬೆಟ್ಟ, ಹೊಳೆ, ದಾರಿ, ಗುಡಿಗಳ ಸಮೇತ ಇಡೀ ಹಂಪಿಯ ದೊಡ್ಡ ಮಾದರಿಯಿದೆ. ತುಂಗಭದ್ರೆ ನಿಮ್ಮಿಂದ ಆಚೆ ಬದಿಗೆ ಬರುವಂತೆ ನಿಂತುಕೊಳ್ಳಿ, ಎದುರಿಗಿರುವುದು ಉತ್ತರ. ಹೊಳೆಯ ದಡದುದ್ದಕ್ಕೂ ಗುಡಿಗಳು: ಎಡಕ್ಕೆ ವಿರೂಪಾಕ್ಷ, ಬಲಕ್ಕೆ ವಿಜಯ ವಿಠ್ಠಲ. ನಿಮ್ಮ ಕಡೆಗೆ, ಅಂದರೆ ದಕ್ಷಿಣಕ್ಕೆ, ಕಮಲ ಮಹಲು, ಆನೆಲಾಯ, ಮಹಾನವಮಿ ದಿಬ್ಬ ಇರುವ ಅರಮನೆಯ ಭಾಗ. ಇವೆರಡರ ನಡುವಿನ ತಗ್ಗಿನಲ್ಲಿ ನೀರಾವರಿ ಜಮೀನು. ಇಷ್ಟು ಮನಸ್ಸಿನಲ್ಲಿ ಕೂತರೆ, ಮಧ್ಯಾಹ್ನ ವಿರೂಪಾಕ್ಷ ಗುಡಿಯಿಂದ ಕಮಲ ಮಹಲಿಗೆ ಹೋಗುವಾಗ ರಾಜಧಾನಿಯ ನಡುವೆ ಬಾಳೆತೋಟ ಯಾಕೆ ಬಂತು ಎಂದು ಮಕ್ಕಳಿಗೆ ಹೇಳಬಹುದು. ವಿಜಯನಗರದ ಕಾಲದ ತುರ್ತಾ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಮಾದರಿಯ ಮೇಲೆ ಮಾತಂಗ ಬೆಟ್ಟವನ್ನು ಮಕ್ಕಳೇ ಹುಡುಕಲಿ; ಹೊರಗೆ ದಾರಿಯ ಗುರುತಿಗೆ ಅದೇ ಸಾಕು.

ಶುಕ್ರವಾರ ಮ್ಯೂಸಿಯಂಗೆ ರಜೆ, ಪ್ರವಾಸ ಕೆಡುವುದು ಬಹುಪಾಲು ಇದರಿಂದಲೇ. ಸಂಜೆ 5ಕ್ಕೆ ಬಾಗಿಲು ಹಾಕುತ್ತಾರೆ. ಬೆಳಗಿನ ತಂಪಿನಲ್ಲಿ ಹೇಮಕೂಟ ಹತ್ತಿಳಿದು, 10ರ ಸುಮಾರಿಗೆ ಮ್ಯೂಸಿಯಂಗೆ ಬಂದು, ಒಂದೂವರೆ ತಾಸು ಇಟ್ಟುಕೊಳ್ಳಿ. ವಿಠ್ಠಲ ಗುಡಿ, ಕಮಲ ಮಹಲು, ಮ್ಯೂಸಿಯಂ ಮೂರಕ್ಕೂ ಅದೇ ದಿನ ಒಂದೇ ಟಿಕೆಟ್ ನಡೆಯುತ್ತದೆ, ಬಿಸಾಡಬೇಡಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಹೊಸಪೇಟೆಯಿಂದ ಹಂಪಿಗೆ ಹೋಗುವ ಬಸ್ಸುಗಳಲ್ಲಿ ಕೆಲವು ಕಡ್ಡಿರಾಂಪುರದ ಮೇಲೆ, ಕೆಲವು ಕಮಲಾಪುರದ ಮೇಲೆ ಹೋಗುತ್ತವೆ. ಹತ್ತುವ ಮುಂಚೆ ಕಂಡಕ್ಟರನ್ನು ಕೇಳಿ.

ಪ್ರಶ್ನೆ: ಯಾವ ಊರಿನ ಮ್ಯೂಸಿಯಂಗೆ ಹೋದರೂ ಸಾಲಾಗಿ ವೀರಗಲ್ಲುಗಳನ್ನು ನಿಲ್ಲಿಸಿರುತ್ತಾರೆ. ಎಲ್ಲವೂ ಒಂದೇ ಥರ ಕಾಣುತ್ತವೆ. ನೋಡುವುದು ಹೇಗೆ?
– ಓದುಗರೊಬ್ಬರು, ಹಾವೇರಿ

ಉತ್ತರ: ಕೆಳಗಿನಿಂದ ಮೇಲಕ್ಕೆ ನೋಡಿ. ನಾವು ಪುಟ ಓದುವ ರೂಢಿಯಲ್ಲಿ ಮೇಲಿನಿಂದ ಶುರುಮಾಡುತ್ತೇವೆ, ಕಥೆ ತಲೆಕೆಳಗಾಗುತ್ತದೆ. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತದೆ. ಕೆಳಗಿನದು ಸಾವಿಗೆ ಕಾರಣ. ದನಗಳ ಸಾಲು ಕಂಡರೆ ಅದು ತುರುಗೊಳ್, ದನಗಳ್ಳರೊಂದಿಗಿನ ಕಾದಾಟ. ಶಾಸನಗಳಲ್ಲಿ ಬರುವ ಇನ್ನೆರಡು ಸಂದರ್ಭಗಳು ಪೆಣ್ಬುಯ್ಯಲ್, ಅಂದರೆ ಹೆಣ್ಣುಮಕ್ಕಳ ಮೊರೆ ಕೇಳಿ ನುಗ್ಗಿದ್ದು, ಮತ್ತು ಊರಳಿವು, ಅಂದರೆ ಊರಿನ ಮೇಲೆ ಬಿದ್ದ ದಾಳಿ. ಎದುರಿಗೆ ಹುಲಿಯೋ ಹಂದಿಯೋ ಇದ್ದರೆ ಬೇಟೆಯಲ್ಲಿ ಸತ್ತವನು. ಗಾತ್ರದಲ್ಲಿ ದೊಡ್ಡವನಾಗಿ ಕೆತ್ತಿದವನೇ ವೀರ.

ನಡುವಿನ ಅಂತಸ್ತಿನಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆಯಿಂದ ಹಿಡಿದು ಸ್ವರ್ಗಕ್ಕೆ ಒಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಪಕ್ಕದಲ್ಲಿ ಪೂಜಾರಿ, ನಂದಿ. ಲಿಂಗದ ಜಾಗದಲ್ಲಿ ಜಿನನಿದ್ದರೆ ವೀರ ಜೈನನೆಂದು ತಿಳಿಯಬಹುದು. ತುದಿಯ ಸೂರ್ಯ ಚಂದ್ರರು ಅವರಿರುವವರೆಗೂ ಈ ಹೆಸರು ಇರಲಿ ಎಂಬುದಕ್ಕೆ. ಅಂತಸ್ತುಗಳ ನಡುವಿನ ಅಡ್ಡಪಟ್ಟಿಯನ್ನು ಬಗ್ಗಿ ನೋಡಿ, ಬರಹ ಇದ್ದರೆ ಹೆಚ್ಚಾಗಿ ಅಲ್ಲೇ ಇರುತ್ತದೆ. ಕಂಬದಿಂದ ಚಾಚಿದ, ಮೊಣಕೈ ಮಡಚಿದ ಬಳೆ ತೊಟ್ಟ ತೋಳು ಕಂಡರೆ ಅದು ಮಾಸ್ತಿಕಲ್ಲು, ಗಂಡನ ಚಿತೆಯೇರಿದವಳ ನೆನಪಿನ ಕಲ್ಲು. ಬಳೆ ಒಡೆದಿಲ್ಲ, ಆಕೆ ಮುತ್ತೈದೆಯಾಗಿಯೇ ಹೋದಳು ಎಂದು ಆ ಕಾಲ ಹೇಳಿದ ರೀತಿ ಅದು. ಅಲ್ಲಿ ಒಂದು ಕ್ಷಣ ನಿಲ್ಲಿ. ಬೆಂಕಿಗೆ ಹೋದದ್ದು ಒಂದು ಜೀವ ಎಂಬುದನ್ನು ಕೆತ್ತನೆಯ ಚೆಲುವು ಮರೆಸಬಾರದು.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಮದ್ದೂರು ತಾಲೂಕಿನ ಆತಕೂರಿನ ಕಲ್ಲು ಇದೆ. 10ನೇ ಶತಮಾನದ್ದು. ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಅರಸ ಬೂತುಗ ಏನು ಬೇಕು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಹಂದಿಯೊಂದಿಗೆ ಕಾದಾಡಿ ಎರಡೂ ಸತ್ತವು. ಆ ಕಾಳಗವೇ ಕಲ್ಲಿನ ಮೇಲಿದೆ.

ಪ್ರಶ್ನೆ: ಶಾಸನದ ಫೋಟೋ ತೆಗೆದರೆ ಅಕ್ಷರವೇ ಕಾಣುವುದಿಲ್ಲ. ಸೀಮೆಸುಣ್ಣ ಉಜ್ಜಿದರೆ ಆಗುತ್ತದೆ ಎನ್ನುತ್ತಾರೆ, ಸರಿಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ದಯವಿಟ್ಟು ಬೇಡ. ಸುಣ್ಣದ ಪುಡಿ ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿದು ಕೂರುತ್ತದೆ. ಅದನ್ನು ತೆಗೆಯಲು ಉಜ್ಜಿದಷ್ಟೂ ಸವೆಯುವುದು ಅಕ್ಷರವೇ. ಫೋಟೋ ಕೆಡುವುದು ಎದುರಿನಿಂದ ಬೀಳುವ ಬೆಳಕಿನಿಂದ, ಅದು ಅಕ್ಷರದ ಗುಳಿಯಲ್ಲಿ ನೆರಳು ಉಳಿಯಗೊಡುವುದಿಲ್ಲ. ಫ್ಲ್ಯಾಶ್ ಮಾಡುವುದೂ ಅದನ್ನೇ, ಮ್ಯೂಸಿಯಂಗಳಲ್ಲಿ ಅದಕ್ಕೆ ಅನುಮತಿಯೂ ಇರುವುದಿಲ್ಲ. ಅಂಗಳದಲ್ಲಿ ನಿಲ್ಲಿಸಿದ ಕಲ್ಲಾದರೆ ಬಿಸಿಲು ಅದರ ಮೈಗೆ ಸವರಿದಂತೆ ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ. ಕಲ್ಲು ಯಾವ ದಿಕ್ಕಿಗೆ ನಿಂತಿದೆ ಎನ್ನುವುದರ ಮೇಲೆ ಆ ಹೊತ್ತು ಬೇರೆಬೇರೆ. ಒಳಗಿನ ಕಲ್ಲಾದರೆ ಸಿಬ್ಬಂದಿಯನ್ನು ಕೇಳಿ, ಒಪ್ಪಿದರೆ ಇನ್ನೊಬ್ಬರು ಮೊಬೈಲ್ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿಯಲಿ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಗೀಟು ಇನ್ನೊಂದರಲ್ಲಿ ಎದ್ದು ಕಾಣುತ್ತದೆ.

ಪ್ರಶ್ನೆ: ನಮ್ಮ ಕೆರೆ ಏರಿಯ ಮೇಲೂ ಇಂಥದೊಂದು ಕಲ್ಲು ಬಿದ್ದಿದೆ. ಎತ್ತಿ ತಂದು ಗುಡಿಯಲ್ಲಿ ಇಡಬಹುದೇ?
– ಓದುಗರೊಬ್ಬರು, ಶಿಕಾರಿಪುರ

ಉತ್ತರ: ಸದ್ಯಕ್ಕೆ ಅಲ್ಲೇ ಇರಲಿ. ಬರಹ ಅಳಿಸಿಹೋದ ಕಲ್ಲಿಗೆ ಅದು ಸಿಕ್ಕ ಜಾಗವೇ ಅರ್ಧ ಇತಿಹಾಸ. ಎಣ್ಣೆ, ಪೇಂಟು, ಸಿಮೆಂಟು ಯಾವುದನ್ನೂ ತಾಗಿಸಬೇಡಿ. ಪಕ್ಕದಲ್ಲಿ ಒಂದು ಅಡಿಪಟ್ಟಿ ಇಟ್ಟು ಫೋಟೋ ತೆಗೆದು, ಊರು, ಸರ್ವೆ ನಂಬರು, ಕಲ್ಲಿನ ಮುಖ ಯಾವ ದಿಕ್ಕಿಗಿದೆ ಎಂಬುದನ್ನು ಬರೆದು, ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಕಳಿಸಿ. ಕಲ್ಲಿನ ಸುತ್ತ ನಿಧಿಗಾಗಿ ಅಗೆದ ಗುರುತು ಕಂಡರೆ ಅದೇ ದಿನ ಪೊಲೀಸರಿಗೂ ತಿಳಿಸಿ.