ಹಾರುವ ಹದ್ದು ಮಸುಕಾಗುವುದೇಕೆ?

ಪ್ರಶ್ನೆ: ನನ್ನ ಬಳಿ 150-600 ಎಂ.ಎಂ. ಟೆಲಿಫೋಟೊ ಲೆನ್ಸ್ ಇದೆ. ಕೊಂಬೆಯ ಮೇಲೆ ಕುಳಿತ ಹದ್ದಿನ ಗರಿಗಳನ್ನು ಎಣಿಸುವಷ್ಟು ಸ್ಪಷ್ಟವಾದ ಚಿತ್ರ ಬರುತ್ತದೆ. ಅದೇ ಹದ್ದು ಹಾರಿದರೆ ಚಿತ್ರ ಮಸುಕಾಗುತ್ತದೆ, ಇಲ್ಲವೇ ಹದ್ದು ಬರಿಯ ಕಪ್ಪು ಆಕೃತಿಯಾಗಿ ಕಾಣುತ್ತದೆ. ಲೆನ್ಸ್ ಬದಲಿಸಬೇಕೇ? ಗೂಡಿನ ಹತ್ತಿರ ನಿಂತು ತೆಗೆದರೆ ಸುಲಭವಾದೀತೇ?

ಉತ್ತರ: ಲೆನ್ಸ್ ಬದಲಿಸುವ ಅಗತ್ಯವಿಲ್ಲ. 600 ಎಂ.ಎಂ. ಲೆನ್ಸಿಗೆ ಸೆಕೆಂಡಿನ 1/600 ಭಾಗದ ಷಟರ್ ವೇಗ (ಬೆಳಕು ಒಳಬರಲು ಷಟರ್ ತೆರೆದಿರುವ ಅವಧಿ) ಸಾಕೆಂಬ ರೂಢಿಯ ಲೆಕ್ಕ ನಮ್ಮ ಕೈನಡುಕಕ್ಕೆ ಸಂಬಂಧಿಸಿದ್ದೇ ಹೊರತು ಹಕ್ಕಿಯ ರೆಕ್ಕೆಬಡಿತಕ್ಕಲ್ಲ. ತೇಲುವ ಹದ್ದಿಗೆ 1/2000, ಎರಗುವ ಡೇಗೆಗೆ 1/3200 ಅಥವಾ ಅದಕ್ಕೂ ಹೆಚ್ಚಿನ ವೇಗವಿರಲಿ. ಇದಕ್ಕಾಗಿ, ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್‌ಒ ಏರಿದರೆ ಅಂಜಬೇಡಿ. ಚಿತ್ರದಲ್ಲಿ ಮೂಡುವ ಕಾಳುಕಾಳನ್ನು ಆಮೇಲೆ ತಗ್ಗಿಸಬಹುದು, ಅಲುಗಿದ ಕಣ್ಣನ್ನು ಸರಿಪಡಿಸುವುದು ಕಷ್ಟ.

ಹದ್ದು ಕಪ್ಪಾಗುವುದಕ್ಕೆ ಕಾರಣ ಆಕಾಶ. ಅದರ ಬೆಳಕನ್ನೇ ಅಳೆದು ಕ್ಯಾಮೆರಾ ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವಂತೆ, ಹೆಚ್ಚಿಸಿ ನೋಡಿ.

ಫೋಕಸ್, ಚಲಿಸುವ ಹಕ್ಕಿಯನ್ನು ಬಿಡದೆ ಹಿಂಬಾಲಿಸುವ ನಿರಂತರ ವಿಧಾನದಲ್ಲಿರಲಿ. 600ರಲ್ಲಿಯೇ ಆಕಾಶವನ್ನು ತಡಕಾಡಿದರೆ ಹಕ್ಕಿ ಸಿಗುವುದೇ ಇಲ್ಲ; 300ರ ಸುಮಾರಿಗೆ ಇಳಿಸಿ, ಅದು ದೂರದಲ್ಲಿ ಚುಕ್ಕೆಯಂತಿರುವಾಗಲೇ ಹಿಡಿದು, ಅದರ ಜೊತೆಯಲ್ಲಿಯೇ ಸೊಂಟದಿಂದ ಮೇಲಿನ ಇಡೀ ದೇಹವನ್ನು ತಿರುಗಿಸುತ್ತಾ ಜೂಮ್ ಮಾಡಿ.

ಇವೆಲ್ಲಕ್ಕಿಂತ ನಾನು ಹೆಚ್ಚು ನೆಚ್ಚುವುದು ಗಾಳಿಯನ್ನು. ಹದ್ದು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಮೇಲೇಳುತ್ತದೆಯಾದ್ದರಿಂದ, ಗಾಳಿ ಮತ್ತು ಸೂರ್ಯ ಎರಡೂ ನಿಮ್ಮ ಬೆನ್ನಿಗಿರುವಂತೆ ನಿಂತರೆ ಅದು ನಿಮ್ಮತ್ತ ಮುಖಮಾಡಿ, ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಹೊತ್ತು ಬರುತ್ತದೆ. ಎಷ್ಟೋ ಬಾರಿ, ಹಾರುವ ಮುನ್ನ ಅದು ಹಿಕ್ಕೆ ಹಾಕುತ್ತದೆ. ಬಳಿಕ ಮುಂದಕ್ಕೆ ಬಾಗಿ, ಕಾಲು ಮಡಿಸಿ, ರೆಕ್ಕೆಯನ್ನು ಮೈಯಿಂದ ತುಸು ಸಡಿಲಿಸುತ್ತದೆ. ಬೆರಳು ಗುಂಡಿಯ ಮೇಲಿರಬೇಕಾದದ್ದು ಆಗಲೇ. ನಡುಹಗಲಿನ ಬಿಸಿಗಾಳಿಯ ಮೇಲೆ ಹದ್ದುಗಳು ಸುಖವಾಗಿ ಸುತ್ತುತ್ತವೆ, ನಿಜ. ಆದರೆ ನೆಲದ ಬಳಿ ಅದೇ ಬಿಸಿ ದೂರದ ದೃಶ್ಯವನ್ನು ನೀರಿನಂತೆ ನಡುಗಿಸುವುದರಿಂದ ನಾನು ಬೆಳಗನ್ನೇ ಆರಿಸಿಕೊಳ್ಳುತ್ತೇನೆ.

ಗೂಡಿನ ಬಳಿ ಮಾತ್ರ ದಯವಿಟ್ಟು ನಿಲ್ಲಬೇಡಿ. ತಾಯಿ ಎದ್ದುಹೋದರೆ ಮೊಟ್ಟೆ ತಣ್ಣಗಾಗುತ್ತದೆ, ಮರಿಗಳು ಬಿಸಿಲಿಗೂ ಕಾಗೆಗಳಿಗೂ ಸಿಗುತ್ತವೆ. ಹದ್ದು ಕೂಗುತ್ತಾ ನಿಮ್ಮ ತಲೆಯ ಮೇಲೆಯೇ ಸುತ್ತತೊಡಗಿದರೆ ಕ್ಯಾಮೆರಾ ಇಳಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗಿ.