ಓದುಗರ ಪ್ರಶ್ನೆ: ಬಂಡೆಯೊಳಗಿನ ತೈಲ

ಪ್ರ: ನೌಕಾಪಡೆಗಳು ಹಡಗಿನ ಇಂಧನವನ್ನು ಕಡಲಂಚಿನ ಗುಡ್ಡ ಕೊರೆದು ಇಟ್ಟದ್ದು ಬಾಂಬಿನ ಭಯಕ್ಕಷ್ಟೇನಾ?

ಉ: ಮುಖ್ಯವಾಗಿ ಅದಕ್ಕೇ. 1942ರ ಫೆಬ್ರವರಿ 19ರಂದು ಜಪಾನಿ ವಿಮಾನಗಳು ಆಸ್ಟ್ರೇಲಿಯಾದ ಡಾರ್ವಿನ್ ಮೇಲೆ ಎರಗಿದವು. ಆ ದಾಳಿಗಳಲ್ಲಿ ಬಯಲಲ್ಲಿದ್ದ ತೈಲ ಟ್ಯಾಂಕುಗಳು ಪೆಟ್ಟು ತಿಂದ ಮೇಲೆ, 1943ರಲ್ಲಿ ಬಂದರಿನ ಪಕ್ಕದ ದಿಬ್ಬದಡಿ ಸುರಂಗ ತೋಡಲು ಶುರುವಾಯಿತು. ಎತ್ತರದ ಲಾಭವೂ ಉಂಟು. ಹವಾಯಿಯ ರೆಡ್ ಹಿಲ್ ಗುಡ್ಡದೊಳಗಿನ ಅಮೆರಿಕ ನೌಕಾಪಡೆಯ ಟ್ಯಾಂಕುಗಳಿಂದ ಪರ್ಲ್ ಹಾರ್ಬರ್ ನೌಕಾನೆಲೆಗೆ ತೈಲ ತನ್ನ ಭಾರಕ್ಕೇ ಇಳಿಯುತ್ತಿತ್ತು. ಕರೆಂಟು ಹೋದರೂ ಹಡಗು ಕಾಯಬೇಕಿರಲಿಲ್ಲ.

ಪ್ರ: ಸುತ್ತ ಕಾಂಕ್ರೀಟು, ಒಳಗೆ ಉಕ್ಕಿನ ತಗಡು. ಆದರೂ ಸೋರುವುದೇಕೆ?

ಉ: ಹೊರಗಿನ ನೀರಿನಿಂದ. ಬಂಡೆಯ ಬಿರುಕಿನಲ್ಲಿ ಇಳಿದ ಮಳೆನೀರು ಕಾಂಕ್ರೀಟಿಗೂ ತಗಡಿಗೂ ನಡುವೆ ನಿಲ್ಲುತ್ತದೆ, ತುಕ್ಕು ತಗಡಿನ ಬೆನ್ನಿಗೆ ಹಿಡಿಯುತ್ತದೆ. ಒಳಗೆ ನಿಂತವನಿಗೆ ಏನೂ ಕಾಣದು. ಡಾರ್ವಿನ್‌ನಲ್ಲಿ ಈ ಜಿನುಗಿನಿಂದ ಕೆಲಸ ಕುಂಟಿ, ಯುದ್ಧ ಮುಗಿದರೂ ತೈಲ ತುಂಬಿರಲಿಲ್ಲ.

ರೆಡ್ ಹಿಲ್‌ನ 20 ಟ್ಯಾಂಕುಗಳು ಒಂದೊಂದೂ 76 ಮೀಟರ್ ಎತ್ತರ, 30 ಮೀಟರ್ ಅಗಲ. ತಗಡಿನ ದಪ್ಪ ಮಾತ್ರ ಕಾಲು ಇಂಚು! ತಪಾಸಣೆಗೆ ಟ್ಯಾಂಕು ಬರಿದು ಮಾಡಿ, ತೊಳೆದು, ಆವಿ ಹೊರಹಾಕಿ, ಗಾಳಿ ಪರೀಕ್ಷಿಸಿ, ಆಮೇಲೆ ಉಪಕರಣ ಹಿಡಿದು ಗೋಡೆಯುದ್ದಕ್ಕೂ ದಪ್ಪ ಅಳೆಯಬೇಕು. ತೆಳುವಾದಲ್ಲಿ ಪಟ್ಟಿ ಬೆಸೆಯುತ್ತಾರೆ. ಅದಕ್ಕೂ ಮುಂಚೆ, ತಗಡಿನ ಹಿಂದೆ ಆವಿ ಉಳಿದಿದೆಯೇ ಎಂದು ನೋಡಲು ಸಣ್ಣ ರಂಧ್ರ ಕೊರೆಯುತ್ತಾರೆ. ಅದನ್ನು ಸರಿಯಾಗಿ ಮುಚ್ಚದಿದ್ದರೆ ದುರಸ್ತಿಯೇ ತೂತು. 2014ರಲ್ಲಿ 5ನೇ ಟ್ಯಾಂಕನ್ನು ದುರಸ್ತಿಯ ನಂತರ ತುಂಬಿದಾಗ ಸುಮಾರು 27,000 ಗ್ಯಾಲನ್ ಸೋರಿತು. ಕಾರಣ ಕಳಪೆ ಬೆಸುಗೆ.

ಪ್ರ: 2021ರಲ್ಲಿ ಅಲ್ಲಿನ ತೈಲ ಕುಡಿಯುವ ನೀರಿಗೆ ಸೇರಿದ್ದೂ ಹೀಗೆಯೇ?

ಉ: ಆಗ ಕೈಕೊಟ್ಟಿದ್ದು ಕೊಳವೆ. ಮೇ 6ರಂದು ಕವಾಟಗಳನ್ನು ತಪ್ಪು ಕ್ರಮದಲ್ಲಿ ತೆರೆದದ್ದರಿಂದ ಒತ್ತಡ ಒಮ್ಮೆಲೇ ನುಗ್ಗಿ ಕೊಳವೆಯ ಜೋಡಣೆ ಕಿತ್ತಿತು. ಚೆಲ್ಲಿದ್ದರಲ್ಲಿ ಬಹುಪಾಲು, ಬೆಂಕಿ ನಂದಿಸುವ ವ್ಯವಸ್ಥೆಯ ಬಸಿಗೊಳವೆಗೆ ಸೇರಿ ಆರು ತಿಂಗಳು ಅಲ್ಲೇ ಕೂತಿತ್ತು. ನವೆಂಬರ್ 20ರಂದು ಸುರಂಗದ ಟ್ರಾಲಿ ಆ ಕೊಳವೆಯ ಕವಾಟಕ್ಕೆ ಗುದ್ದಿ, ತೈಲ ಹೊರಚೆಲ್ಲಿ ನೀರಿಗೆ ಸೇರಿತು. ಟ್ಯಾಂಕುಗಳಿಂದ ಅಂತರ್ಜಲಕ್ಕೆ ಇದ್ದದ್ದು ಸುಮಾರು 30 ಮೀಟರ್. ಮೇ ತಿಂಗಳಲ್ಲೇ ಕಳೆದದ್ದೆಷ್ಟು, ಮರಳಿ ಸಿಕ್ಕಿದ್ದೆಷ್ಟು ಎಂದು ಗಟ್ಟಿಯಾಗಿ ತಾಳೆ ನೋಡಿದ್ದರೆ ಕೊರತೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಪ್ರ: ಪಾದೂರು, ಮಂಗಳೂರಿನ ತೈಲ ಗುಹೆಗಳಿಗೆ ಉಕ್ಕಿನ ಹೊದಿಕೆಯೇ ಇಲ್ಲವಂತೆ?

ಉ: ಇಲ್ಲ. ಅವು ನೌಕಾಪಡೆಯವೂ ಅಲ್ಲ, ದೇಶದ ಕಚ್ಚಾ ತೈಲದ ದಾಸ್ತಾನು: ಪಾದೂರಿನದು 25 ಲಕ್ಷ ಟನ್, ಮಂಗಳೂರಿನದು 15 ಲಕ್ಷ. ಅಲ್ಲಿ ನೀರನ್ನೇ ಕಾವಲಿಗಿಟ್ಟಿದ್ದಾರೆ. ಗುಹೆಯ ಮೇಲೆ ಕಿರುಸುರಂಗ ತೋಡಿ, ಅದರಿಂದ ಸಾಲಾಗಿ ಬೋರು ಕೊರೆದು ನೀರು ತುಂಬಿಡುತ್ತಾರೆ. ಬಂಡೆಯಲ್ಲಿನ ನೀರಿನ ಒತ್ತಡ ಗುಹೆಯದಕ್ಕಿಂತ ಹೆಚ್ಚಿರುವ ತನಕ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಆಚೆ ಹೋಗದು. ತೈಲಕ್ಕಿಂತ ಭಾರವಾದ ಆ ನೀರು ತಳದ ಗುಂಡಿಗೆ ಇಳಿಯುತ್ತದೆ, ಪಂಪಿನಿಂದ ಎತ್ತುತ್ತಲೇ ಇರಬೇಕು.